ದುಡಿಯುವ ಕೈಯ ನೋವು: ಕಾರಣ ಮತ್ತು ಉಪಶಮನ

ಮನುಷ್ಯನ ಒಂದೊಂದು ಕೈಯಲ್ಲೂ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ 27 ಮೂಳೆಗಳಿದ್ದು, ಅವುಗಳಲ್ಲಿ 8 ಮಣಿಕಟ್ಟಿಗೂ 5 ಅಂಗೈಗೂ 14 ಬೆರಳುಗಳಿಗೂ ಸೇರಿವೆ. ಈ ಬೆರಳುಗಳನ್ನು ಬಾಗಿಸುವ ಮತ್ತು ಚಾಚುವ ಬಲವಾದ ಮಾಂಸಖಂಡಗಳು ಬೆರಳುಗಳಲ್ಲಿ ಇಲ್ಲವೇ ಇಲ್ಲ. ಅವು ಮೊಣಕೈಗೂ ಮಣಿಕಟ್ಟಿಗೂ ನಡುವಿನ ಮುಂಗೈಯಲ್ಲಿದ್ದು, ಅಲ್ಲಿಂದ ಹೊರಟ ಗಟ್ಟಿ ನಾರಿನ ಹುರಿಗಳು, ಅಂದರೆ ಸ್ನಾಯುರಜ್ಜುಗಳು, ಮಣಿಕಟ್ಟನ್ನು ದಾಟಿ ಬೆರಳಿನ ಮೂಳೆಗಳಿಗೆ ಅಂಟಿಕೊಂಡಿವೆ. ಸೈಕಲ್ಲಿನ ಬ್ರೇಕ್ ತಂತಿ ತನ್ನ ಕೊಳವೆಯೊಳಗೆ ಜಾರುವಂತೆ ಈ ರಜ್ಜುಗಳು ನುಣುಪಾದ ಒರೆಗಳೊಳಗೆ ಹಿಂದೆ ಮುಂದೆ ಜಾರುತ್ತವೆ. ಇವುಗಳ ಮಗ್ಗುಲಲ್ಲೇ ಕುತ್ತಿಗೆಯಿಂದ ಇಳಿದುಬಂದ ನರಗಳೂ ರಕ್ತನಾಳಗಳೂ ಹಾದುಹೋಗುವುದರಿಂದ, ಅತ್ಯಂತ ಇಕ್ಕಟ್ಟಾದ ಜಾಗದಲ್ಲಿ ಅತ್ಯಂತ ಹೆಚ್ಚು ಚಲನೆ ನಡೆಯುವ ಅಂಗ ಕೈ ಎಂದರೆ ತಪ್ಪಾಗದು.

ಈ ರಚನೆಯನ್ನು ಅರಿತರೆ, ಕೈನೋವು ಎಂಬುದು ಒಂದು ಕಾಯಿಲೆಯ ಹೆಸರಲ್ಲವೆಂಬುದು ತಾನಾಗಿ ತಿಳಿಯುತ್ತದೆ. ನೋವು ಕೀಲಿನಿಂದ ಬಂದಿರಬಹುದು, ರಜ್ಜುವಿನ ಒರೆಯಿಂದ ಬಂದಿರಬಹುದು, ಒತ್ತಿಹೋದ ನರದಿಂದ ಬಂದಿರಬಹುದು, ಅಥವಾ ಕೈಗೆ ಸಂಬಂಧವೇ ಇಲ್ಲವೆಂದು ತೋರುವ ಕುತ್ತಿಗೆಯಿಂದ, ಥೈರಾಯ್ಡ್ ಗ್ರಂಥಿಯಿಂದ, ಸಕ್ಕರೆ ಕಾಯಿಲೆಯಿಂದ ಬಂದಿರಬಹುದು. ಒಂದಕ್ಕೆ ಹಿತವಾದ ಉಪಚಾರ ಇನ್ನೊಂದಕ್ಕೆ ನಿರುಪಯೋಗಿಯಾಗುತ್ತದೆ, ಕೆಲವೊಮ್ಮೆ ಕೇಡನ್ನೂ ಮಾಡುತ್ತದೆ. ಹೀಗಿದ್ದರೂ ನಮ್ಮ ಊರುಗಳಲ್ಲಿ ಕೈನೋವೆಂದು ಬಂದವರಿಗೆಲ್ಲ ಒಂದೇ ಮುಲಾಮು, ಒಂದೇ ನೋವಿನ ಮಾತ್ರೆ ಮತ್ತು ವಯಸ್ಸಾಯಿತೆಂಬ ಒಂದೇ ಸಮಾಧಾನ ಸಿಗುತ್ತಿರುವುದು ವಿಷಾದದ ಸಂಗತಿ. ಯಾವ ಬೆರಳು ನೋಯುತ್ತದೆ, ಯಾವ ಹೊತ್ತಿನಲ್ಲಿ ನೋಯುತ್ತದೆ, ಆ ಕೈ ದಿನವಿಡೀ ಯಾವ ಕೆಲಸ ಮಾಡುತ್ತದೆ ಎಂಬ ಮೂರು ಪ್ರಶ್ನೆಗಳನ್ನು ತಾಳ್ಮೆಯಿಂದ ಕೇಳಿದರೆ, ಬಹಳಷ್ಟು ಸಂದರ್ಭಗಳಲ್ಲಿ ದುಬಾರಿ ಪರೀಕ್ಷೆಗಳಿಗೆ ಮೊದಲೇ ಕಾರಣ ಕೈಗೆ ಸಿಗುತ್ತದೆಂಬುದು ಈ ಲೇಖನದ ಪ್ರತಿಪಾದನೆ.

ನಲವತ್ತು ದಾಟಿದ ಹೆಣ್ಣುಮಕ್ಕಳಲ್ಲಿ ಬಹಳ ಸಾಮಾನ್ಯವಾಗಿ ಕಾಣುವ ಒಂದು ತೊಂದರೆಯಿಂದ ಆರಂಭಿಸುವುದು ಸೂಕ್ತ. ನಡುರಾತ್ರಿಯಲ್ಲಿ ಕೈ ಜೋಮು ಹಿಡಿದು, ಬೆರಳುಗಳು ಉರಿದಂತಾಗಿ ಎಚ್ಚರವಾಗುತ್ತದೆ. ಎದ್ದು ಕುಳಿತು ಕೈಯನ್ನು ನಾಲ್ಕು ಬಾರಿ ಕೊಡವಿದರೆ ಹಿತವೆನಿಸುತ್ತದೆ. ಬೆಳಿಗ್ಗೆ ಲೋಟ ಹಿಡಿದರೆ ಜಾರುತ್ತದೆ, ಸೂಜಿಗೆ ದಾರ ಪೋಣಿಸಲು ಬಾರದಾಗುತ್ತದೆ. ಇದರ ಕಾರಣ ಮಣಿಕಟ್ಟಿನಲ್ಲಿದೆ. ಅಲ್ಲಿನ ಎಂಟು ಸಣ್ಣ ಮೂಳೆಗಳು ಕಮಾನಿನಂತೆ ಜೋಡಣೆಗೊಂಡು, ಆ ಕಮಾನಿನ ಬಾಯಿಗೆ ಅಡ್ಡಲಾಗಿ ಒಂದು ದಪ್ಪ ನಾರುಪಟ್ಟಿ ಬಿಗಿದಿರುವುದರಿಂದ ಒಂದು ಕಿರಿದಾದ ದಾರಿ ಏರ್ಪಟ್ಟಿದ್ದು, ಇದನ್ನು ವೈದ್ಯರು ಕಾರ್ಪಲ್ ಟನಲ್ ಎನ್ನುತ್ತಾರೆ. ಬೆರಳುಗಳನ್ನು ಬಾಗಿಸುವ 9 ರಜ್ಜುಗಳೂ ಮೀಡಿಯನ್ ನರವೆಂಬ ಒಂದು ನರವೂ ಈ ದಾರಿಯಲ್ಲೇ ತೂರಿಹೋಗಬೇಕು. ರಜ್ಜುಗಳ ಒರೆ ಸ್ವಲ್ಪ ಊದಿಕೊಂಡರೂ ಹಿಗ್ಗಲಾರದ ಆ ಜಾಗದಲ್ಲಿ ಒತ್ತಡ ಬೀಳುವುದು ಮೆತ್ತಗಿನ ನರದ ಮೇಲೆ. ನಿದ್ದೆಯಲ್ಲಿ ಮಣಿಕಟ್ಟು ಅರಿವಿಲ್ಲದೆ ಮಡಿಚಿಕೊಳ್ಳುವುದರಿಂದ ದಾರಿ ಇನ್ನಷ್ಟು ಕಿರಿದಾಗಿ, ತೊಂದರೆ ರಾತ್ರಿಯಲ್ಲೇ ಹೆಚ್ಚುತ್ತದೆ. ಮಣಿಕಟ್ಟಿನ ಮೂಳೆ ಮುರಿದ ಬಳಿಕ ಈ ನರ ಒತ್ತಿಹೋಗುವುದನ್ನು ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ 1854ರಲ್ಲೇ ಗುರುತಿಸಿದ್ದನಾದರೂ, ಇದು ಎಷ್ಟು ವ್ಯಾಪಕವಾದ ಕಾಯಿಲೆಯೆಂಬ ಅರಿವು ವೈದ್ಯಲೋಕಕ್ಕೆ ಬಂದದ್ದು ಸುಮಾರು ಒಂದು ಶತಮಾನ ಕಳೆದು, ಅಮೆರಿಕದ ಜಾರ್ಜ್ ಫೇಲನ್ ಇದರ ಬಗ್ಗೆ ಸತತವಾಗಿ ಬರೆದ ಮೇಲೆ. ಎರಡೂ ಮಣಿಕಟ್ಟುಗಳನ್ನು ಪೂರ್ತಿ ಬಾಗಿಸಿ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ ಒಂದು ನಿಮಿಷ ಹಿಡಿದಾಗ ಜೋಮು ಮರುಕಳಿಸುವುದೇ ಎಂದು ನೋಡುವ ಪರೀಕ್ಷೆಗೆ ಅವನ ಹೆಸರೇ ಇದೆ.

ಈ ಕಾಯಿಲೆಯನ್ನು ಗುರುತಿಸಲು ಕಿರುಬೆರಳು ದೊಡ್ಡ ಸಾಕ್ಷಿ. ಮೀಡಿಯನ್ ನರವು ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗಕ್ಕೆ ಸ್ಪರ್ಶಜ್ಞಾನ ನೀಡುತ್ತದೆಯೇ ಹೊರತು ಕಿರುಬೆರಳಿಗಲ್ಲ. ಆದ್ದರಿಂದ ನಾಲ್ಕು ಬೆರಳು ಮರಗಟ್ಟಿದರೂ ಕಿರುಬೆರಳು ಚೆನ್ನಾಗಿದೆಯೆಂದು ರೋಗಿ ಹೇಳಿದರೆ, ಸಂಶಯ ಮೊದಲು ಮಣಿಕಟ್ಟಿನ ಕಡೆಗೆ ಹೋಗಬೇಕು. ರಕ್ತಸಂಚಾರ ಸರಿಯಿಲ್ಲವೆಂಬ ಊಹೆಯ ಮೇಲೆ ಶಕ್ತಿಯ ಸೂಜಿ ಚುಚ್ಚಿಸಿಕೊಳ್ಳುತ್ತ ವರ್ಷಗಳನ್ನು ಕಳೆಯುವವರು ಈ ಗುಂಪಿನಲ್ಲಿ ಬಹಳ ಮಂದಿ. ಬಿ-12 ಜೀವಸತ್ವದ ಕೊರತೆಯಿಂದಲೂ ಜೋಮು ಬರುವುದು ನಿಜವೇ. ಆದರೆ ಅದು ಸಾಮಾನ್ಯವಾಗಿ ಪಾದಗಳನ್ನೂ ಹಿಡಿಯುತ್ತದೆ, ಎಡಬಲವೆನ್ನದೆ ಸಮನಾಗಿ ಹರಡುತ್ತದೆ, ಕೈ ಕೊಡವಿದಾಗ ಬಿಟ್ಟುಹೋಗುವುದಿಲ್ಲ. ಮೀಡಿಯನ್ ನರದ ಒತ್ತಡಕ್ಕೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಸ್ರಾವದ ಕೊರತೆ, ಬಸಿರು, ಮಣಿಕಟ್ಟಿನ ಹಳೆಯ ಮುರಿತ ಮುಂತಾದ ಕಾರಣಗಳಿರುವುದರಿಂದ ರಕ್ತದ ಒಂದೆರಡು ಪರೀಕ್ಷೆಗಳು ಅಗತ್ಯ. ಬಸಿರಿನಲ್ಲಿ ಬಂದದ್ದು ಹೆರಿಗೆಯ ಬಳಿಕ ಬಹುಮಟ್ಟಿಗೆ ತಾನೇ ಕಡಿಮೆಯಾಗುತ್ತದೆ. ಉಳಿದವರಿಗೆ ಮೊದಲ ಉಪಾಯ ಮಣಿಕಟ್ಟನ್ನು ನೇರವಾಗಿ ನಿಲ್ಲಿಸುವ, ಒಳಗೆ ತಗಡಿನ ಪಟ್ಟಿಯಿರುವ ಬಟ್ಟೆಯ ಕಟ್ಟು, ಅಂದರೆ ಸ್ಪ್ಲಿಂಟ್. ಇದನ್ನು ಕೆಲವು ವಾರಗಳ ಕಾಲ ರಾತ್ರಿ ಮಲಗುವಾಗ ಕಟ್ಟಿಕೊಳ್ಳಬೇಕು. ಇಷ್ಟರಿಂದ ಗುಣವಾಗದಿದ್ದರೆ ಸ್ಟೀರಾಯ್ಡ್ ಔಷಧವನ್ನು ಆ ಜಾಗಕ್ಕೆ ಒಮ್ಮೆ ಚುಚ್ಚುವುದುಂಟು, ಅದಕ್ಕೂ ಮಣಿಯದಿದ್ದರೆ ಜಾಗವನ್ನಷ್ಟೇ ಮರಗಟ್ಟಿಸಿ ಆ ನಾರುಪಟ್ಟಿಯನ್ನು ಕೊಯ್ದು ನರಕ್ಕೆ ಬಿಡುವು ಮಾಡಿಕೊಡುವ ಸಣ್ಣ ಶಸ್ತ್ರಕ್ರಿಯೆಯುಂಟು. ಶಸ್ತ್ರಕ್ರಿಯೆಯ ಹೆಸರು ಕೇಳಿ ಹಿಂಜರಿಯುವವರು ಒಂದು ಸಂಗತಿಯನ್ನು ತಿಳಿದಿರಬೇಕು: ನರ ಬಹುಕಾಲ ಒತ್ತಿಹೋದರೆ ಹೆಬ್ಬೆರಳಿನ ಬುಡದ ಉಬ್ಬಿದ ಮಾಂಸ ಕರಗಿ ಚಪ್ಪಟೆಯಾಗುತ್ತದೆ, ಹಾಗೆ ಕರಗಿದ ಮೇಲೆ ಮಾಡಿದ ಶಸ್ತ್ರಕ್ರಿಯೆ ನೋವನ್ನು ತೆಗೆದರೂ ಹಿಡಿತದ ಬಲವನ್ನು ಪೂರ್ತಿಯಾಗಿ ಮರಳಿಸಲಾರದು.

ಕಿರುಬೆರಳು ಮತ್ತು ಉಂಗುರಬೆರಳು ಜೋಮು ಹಿಡಿಯುವುದಾದರೆ ತೊಂದರೆ ಬೇರೆ ನರದ್ದು. ಅಲ್ನಾರ್ ಎಂಬ ಈ ನರ ಮೊಣಕೈಯ ಒಳಮಗ್ಗುಲಿನ ಮೂಳೆಯ ಹಿಂದೆ ಚರ್ಮದಡಿಯಲ್ಲೇ ಹಾದುಹೋಗುವುದರಿಂದ, ಮೊಣಕೈಯನ್ನು ಮೇಜಿಗೆ ಊರಿ ಗಂಟೆಗಟ್ಟಲೆ ಕೂರುವವರಿಗೂ ಮೊಣಕೈ ಮಡಿಚಿ ಬಹಳ ಹೊತ್ತು ಫೋನಿನಲ್ಲಿ ಮಾತಾಡುವವರಿಗೂ ಅದು ಅಲ್ಲಿ ಒತ್ತಿಹೋಗುತ್ತದೆ. ನಮ್ಮ ದೇಶದಲ್ಲಿ ಇದೇ ನರ ಇನ್ನೊಂದು ಕಾರಣಕ್ಕೂ ದಪ್ಪವಾಗುತ್ತದೆ, ಅದು ಕುಷ್ಠರೋಗ. ಮೊಣಕೈ ಬಳಿ ನರ ಗಡುಸಾಗಿ ಕೈಗೆ ಸಿಗುವುದು, ಚರ್ಮದ ಮೇಲೆ ಸ್ಪರ್ಶವಿಲ್ಲದ ಬಿಳಿಚು ಮಚ್ಚೆ ಕಾಣುವುದು, ಕಿರುಬೆರಳು ಮತ್ತು ಉಂಗುರಬೆರಳು ಕೊಕ್ಕೆಯಂತೆ ಬಾಗುವುದು ಇದರ ಗುರುತುಗಳು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳುಗಳು ರೋಗದಿಂದ ಕೊಳೆತು ಉದುರುತ್ತವೆಂಬ ನಂಬಿಕೆ ತಪ್ಪೆಂದು ತೋರಿಸಿದವರು. ನೋವಿನ ಅರಿವಿಲ್ಲದ ಕೈ ಬಿಸಿ ಪಾತ್ರೆಯನ್ನೂ ಮೊನಚು ಹಿಡಿಕೆಯನ್ನೂ ಹಿಡಿದು, ಸುಟ್ಟುಕೊಂಡು, ಗಾಯಗೊಂಡು, ಆ ಗಾಯಗಳು ಕೆಟ್ಟು ಬೆರಳುಗಳು ಕ್ಷಯಿಸುತ್ತವೆಂದು ಅವರು ಕಂಡುಕೊಂಡರು. ಬಲವಿರುವ ಮಾಂಸಖಂಡದ ರಜ್ಜುವನ್ನು ಬಲಹೀನವಾದ ಬೆರಳಿಗೆ ಜೋಡಿಸಿ ಬಾಗಿದ ಕೈಗಳನ್ನು ಮತ್ತೆ ಕೆಲಸಕ್ಕೆ ತಂದರು. ನೋವು ಕೈಯ ಕಾವಲು ಎಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಕಿಲ್ಲ. ಕುಷ್ಠರೋಗದ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ, ಮತ್ತು ಕೈ ಕೆಡುವ ಮೊದಲೇ ತೆಗೆದುಕೊಂಡರೆ ಅಂಗವೈಕಲ್ಯ ತಪ್ಪುತ್ತದೆ.

ರಜ್ಜುಗಳ ನೋವಿನ ರೀತಿ ಬೇರೆ. ಅಲ್ಲಿ ಜೋಮು ಇರುವುದಿಲ್ಲ. ಒಂದು ನಿರ್ದಿಷ್ಟ ಚಲನೆಗೆ ಒಂದು ನಿರ್ದಿಷ್ಟ ಜಾಗದಲ್ಲಿ ಚಳುಕು ಏಳುತ್ತದೆ. ಹೆಬ್ಬೆರಳಿನ ಕಡೆಯ ಮಣಿಕಟ್ಟಿನಲ್ಲಿ ಏಳುವ ಇಂಥ ನೋವನ್ನು ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ವಿವರಿಸಿದ್ದು, ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಬಾಣಂತಿಯರಲ್ಲಿ ಇದು ಎದ್ದುಕಾಣುತ್ತದೆ, ಏಕೆಂದರೆ ಕೂಸಿನ ಕಂಕುಳಿಗೆ ಎರಡೂ ಕೈ ಹಾಕಿ, ಹೆಬ್ಬೆರಳುಗಳನ್ನು ಅಗಲಿಸಿ, ದಿನಕ್ಕೆ ಎಷ್ಟೋ ಬಾರಿ ಎತ್ತಿ ಇಳಿಸುವಾಗ ಭಾರವೆಲ್ಲ ಬೀಳುವುದು ಹೆಬ್ಬೆರಳಿನ ಎರಡು ರಜ್ಜುಗಳ ಮೇಲೆ. ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿ ಎರೆಯುವ ಅಜ್ಜಿಯರಿಗೂ ಇದು ಬರುವುದುಂಟು. ಅಂಗೈಯನ್ನು ಚಮಚದಂತೆ ಮಾಡಿ ಕೂಸಿನ ಅಡಿಗೆ ಕೊಟ್ಟು, ಮುಂಗೈಯ ಬಲದಿಂದ ಎತ್ತುವ ರೂಢಿ ಮಾಡಿಕೊಂಡರೆ ಅರ್ಧ ಚಿಕಿತ್ಸೆ ಮುಗಿದಂತೆ. ಉಳಿದರ್ಧ ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಕಟ್ಟಿನಿಂದ ಮತ್ತು ಅಗತ್ಯಬಿದ್ದರೆ ಒಂದು ಚುಚ್ಚುಮದ್ದಿನಿಂದ ಆಗುತ್ತದೆ. ಉಳುಕು ಎಂದು ಭಾವಿಸಿ ಎಣ್ಣೆ ಹಚ್ಚಿ ಬಲವಾಗಿ ನೀವಿಸುವುದು ಊದಿದ ಒರೆಯನ್ನು ಇನ್ನಷ್ಟು ಊದಿಸುವುದರಿಂದ ಅದನ್ನು ಬಿಡುವುದು ಲೇಸು. ಬೆಳಿಗ್ಗೆ ಏಳುವಾಗ ಒಂದು ಬೆರಳು ಮಡಿಚಿದಂತೆಯೇ ಸಿಕ್ಕಿಕೊಂಡು, ಇನ್ನೊಂದು ಕೈಯಿಂದ ಬಿಡಿಸಿದಾಗ ಟಕ್ಕೆಂದು ನೆಟ್ಟಗಾಗುವ ತೊಂದರೆಗೆ ಟ್ರಿಗರ್ ಬೆರಳು ಎನ್ನುತ್ತಾರೆ; ರಜ್ಜುವಿನ ಮೇಲಿನ ಗಂಟು ಅಂಗೈಯ ನಾರಿನ ಉಂಗುರದೊಳಗೆ ತೂರಲಾರದೆ ತಡೆಯುವುದೇ ಇದಕ್ಕೆ ಕಾರಣ, ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಅವರಲ್ಲೇ ಚರ್ಮವೂ ಕೀಲುಗಳೂ ಬಿಗಿದು, ನಮಸ್ಕಾರಕ್ಕೆಂದು ಕೈ ಜೋಡಿಸಿದಾಗ ಎರಡು ಅಂಗೈಗಳ ಬೆರಳುಗಳು ಪೂರ್ತಿ ಕೂಡದೆ ನಡುವೆ ಸಂದು ಉಳಿಯುವುದೂ ಉಂಟು. ಸಕ್ಕರೆ ಕಾಯಿಲೆಯವರು ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆಂಬುದನ್ನು ಮೊದಲೇ ತಿಳಿದಿರಬೇಕು.

ಕೀಲುಗಳ ವಿಷಯದಲ್ಲಿ ಸವೆತ ಮತ್ತು ಉರಿಯೂತ ಎಂಬ ಎರಡು ಬೇರೆ ಬೇರೆ ಸಂಗತಿಗಳನ್ನು ಬೆರೆಸದಿರುವುದು ಬಹಳ ಮುಖ್ಯ. ವಯಸ್ಸಾದಂತೆ ಬೆರಳ ತುದಿಯ ಕೀಲುಗಳಲ್ಲಿ ಮೂಳೆ ಗಂಟುಗಟ್ಟುವುದನ್ನು ಹದಿನೆಂಟನೆಯ ಶತಮಾನದ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ವರ್ಣಿಸಿದ್ದಾನೆ. ಇವು ಮೊದಮೊದಲು ನೋಯುತ್ತವೆ, ಆಮೇಲೆ ನೋವು ಇಳಿದು ಗಂಟು ಮಾತ್ರ ಉಳಿಯುತ್ತದೆ. ಹೆಬ್ಬೆರಳಿನ ಬುಡದ ಕೀಲಿನ ಸವೆತ ಇದಕ್ಕಿಂತ ಹೆಚ್ಚು ಕಾಡುತ್ತದೆ, ಏಕೆಂದರೆ ಹೆಬ್ಬೆರಳು ಮತ್ತು ತೋರುಬೆರಳ ತುದಿಯಿಂದ ಏನನ್ನಾದರೂ ಒತ್ತಿ ಹಿಡಿದಾಗ ಆ ಬಲದ ಸುಮಾರು ಹನ್ನೆರಡು ಪಟ್ಟು ಭಾರ ಬುಡದ ಕೀಲಿನ ಮೇಲೆ ಬೀಳುತ್ತದೆ. ಒದ್ದೆ ಬಟ್ಟೆ ಹಿಂಡುವುದು, ಬಿಗಿ ಮುಚ್ಚಳ ತಿರುಗಿಸುವುದು, ತೆಂಗಿನಕಾಯಿ ತುರಿಯುವುದು, ತುಂಬಿದ ಪಾತ್ರೆಯನ್ನು ಇಕ್ಕಳದಿಂದ ಎತ್ತುವುದು ಇಂಥ ಕೆಲಸಗಳು. ಇನ್ನೊಂದು ಕಡೆ ಆಮವಾತವೆಂದೂ ರುಮಟಾಯ್ಡ್ ಸಂಧಿವಾತವೆಂದೂ ಹೆಸರಾದ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಎರಡೂ ಕೈಗಳ ಬೆರಳಿನ ಬುಡದ ಮತ್ತು ನಡುವಿನ ಗೆಣ್ಣುಗಳು ಬಾತುಕೊಂಡು ಬೆಚ್ಚಗಾಗುತ್ತವೆ, ಬೆಳಿಗ್ಗೆ ಎದ್ದ ಮೇಲೆ ಗಂಟೆಯಾದರೂ ಮುಷ್ಟಿ ಕಟ್ಟಲು ಬಾರದು. ಸವೆತದ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆಂಬ ಈ ಒಂದು ವ್ಯತ್ಯಾಸವನ್ನು ನೆನಪಿಟ್ಟರೂ ಸಾಕು. ಉರಿಯೂತದ ಸಂಧಿವಾತಕ್ಕೆ ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧ ಆರಂಭಿಸಿದರೆ ಕೀಲುಗಳು ಉಳಿಯುತ್ತವೆ, ಬರಿಯ ನೋವಿನ ಮಾತ್ರೆಗಳಲ್ಲಿ ಕಾಲ ಕಳೆದರೆ ಬೆರಳುಗಳು ಸೊಟ್ಟಗಾಗುತ್ತವೆ. ಅದರ ಮುಖ್ಯ ಔಷಧವಾದ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯವಾದೀತು, ಆದ್ದರಿಂದ ವಾರದ ಯಾವ ದಿನವೆಂಬುದನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಬೇಕು.

ಕರ್ನಾಟಕದ ಮಟ್ಟಿಗೆ ಚಿಕುನ್‌ಗುನ್ಯವನ್ನು ಮರೆಯುವಂತಿಲ್ಲ. 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳು ದಾಖಲಾದಾಗ ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಈ ರಾಜ್ಯದವೇ ಆಗಿದ್ದವು. ಹಗಲು ಕಚ್ಚುವ ಈಡಿಸ್ ಸೊಳ್ಳೆಯಿಂದ ಹರಡುವ ಈ ಜ್ವರ ವಾರದಲ್ಲಿ ಇಳಿದರೂ ಬೆರಳು, ಮಣಿಕಟ್ಟು, ಕಣಕಾಲಿನ ಕೀಲುನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬಹುಪಾಲು ಜನರಿಗೆ ಕಾಲವೇ ಗುಣ ಕೊಡುತ್ತದೆ. ಮೂರು ತಿಂಗಳು ಮೀರಿಯೂ ಬಾವು ಇಳಿಯದಿದ್ದರೆ ಮಾತ್ರ ಅದನ್ನು ಜ್ವರದ ಉಳಿಕೆಯೆಂದು ಬಿಡದೆ ಸಂಧಿವಾತದ ತಪಾಸಣೆ ಮಾಡಿಸಬೇಕು.

ಕಾರಣ ಯಾವುದೇ ಇರಲಿ, ಮನೆಯಲ್ಲಿ ಮಾಡಿಕೊಳ್ಳಬಹುದಾದ ಉಪಶಮನಗಳು ಕೆಲವಿವೆ. ಬಿಗಿದ ಕೀಲಿಗೆ ಬೆಳಿಗ್ಗೆ ಹದವಾದ ಬಿಸಿನೀರಿನಲ್ಲಿ ಕೈ ಅದ್ದಿ, ನೀರಿನೊಳಗೇ ಬೆರಳುಗಳನ್ನು ಮೆಲ್ಲನೆ ಮಡಿಚಿ ಬಿಡಿಸುವುದು ಹಿತ. ಕೆಂಪಾಗಿ ಬಾತ ಕೀಲಿಗೆ ತಂಪು ಹಿತ. ಸ್ಪರ್ಶ ಕಡಿಮೆಯಾದ ಕೈಗೆ ಶಾಖ ಕೊಡುವವರು ಬಿಸಿಯನ್ನು ಇನ್ನೊಬ್ಬರಿಂದ ಪರೀಕ್ಷಿಸಬೇಕು, ಇಲ್ಲವಾದರೆ ಅರಿವಿಲ್ಲದೆ ಸುಡುತ್ತದೆ. ಡೈಕ್ಲೋಫೆನಾಕ್ ಮುಲಾಮು ಬೆರಳಿನಂಥ ಚರ್ಮಕ್ಕೆ ಹತ್ತಿರವಾದ ಕೀಲುಗಳಿಗೆ ಸಾಕಷ್ಟು ಕೆಲಸ ಮಾಡುತ್ತದೆ ಮತ್ತು ಮಾತ್ರೆಗಿಂತ ಸುರಕ್ಷಿತ. ಅದೇ ಔಷಧದ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಹೆಸರು ವಿವರ ಏನೂ ಇಲ್ಲದ ಪೊಟ್ಟಣಗಳಲ್ಲಿ ಸಂತೆಗಳಲ್ಲಿ ಮಾರುವ ವಾತದ ಪುಡಿಗಳಿಗೆ ಸ್ಟೀರಾಯ್ಡ್ ಬೆರೆಸಿರುವುದುಂಟು. ಎರಡೇ ದಿನದಲ್ಲಿ ನೋವೆಲ್ಲ ಮಾಯವಾಗುವುದೇ ಇಂಥ ಪುಡಿಯ ಬಗ್ಗೆ ಎಚ್ಚರವಹಿಸಲು ಸಾಕಾದ ಕಾರಣ.

ಕಾಯಬಾರದ ನೋವುಗಳೂ ಇವೆ. ಉಗುರುಸುತ್ತು ಆರಂಭದಲ್ಲಿ ಬಿಸಿನೀರಿನ ಶಾಖಕ್ಕೆ ಇಳಿಯಬಹುದು. ಆದರೆ ಕೀವು ತುಂಬಿ, ಬೆರಳು ತಿದಿಯೊತ್ತಿದಂತೆ ಮಿಡಿದು, ಒಂದು ರಾತ್ರಿಯ ನಿದ್ದೆ ಕೆಟ್ಟಿತೆಂದರೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಕೂರದೆ ಕೊಯ್ದು ಕೀವು ತೆಗೆಸಬೇಕು. ಮುಳ್ಳು ಚುಚ್ಚಿದ ಬಳಿಕ ಇಡೀ ಬೆರಳು ಊದಿ, ಅರ್ಧ ಮಡಿಚಿದಂತೆ ನಿಂತು, ನೆಟ್ಟಗೆ ಮಾಡಲು ಹೋದರೆ ಪ್ರಾಣ ಹೋದಂತಾದರೆ ಸೋಂಕು ರಜ್ಜುವಿನ ಒರೆಯೊಳಗೆ ಇಳಿದಿದೆಯೆಂದು ಅರ್ಥ. ಆ ದಿನವೇ ಆಸ್ಪತ್ರೆ ಸೇರದಿದ್ದರೆ ಬೆರಳು ಶಾಶ್ವತವಾಗಿ ಬಿಗಿಯುತ್ತದೆ. ನಡೆಯುವಾಗ ಎದೆ ಬಿಗಿದು ಎಡಗೈಗೆ ಇಳಿಯುವ ನೋವು ಹೃದಯದ್ದು, ಕೈಯದ್ದಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ದೊಡ್ಡ ಕಾರಣವೊಂದು ಉಳಿದಿದೆ, ಅದು ಕೆಲಸ. ಇಟಲಿಯ ಮೊಡೆನಾದಲ್ಲಿ ಪ್ರಾಧ್ಯಾಪಕನಾಗಿದ್ದ ಬರ್ನಾರ್ಡಿನೊ ರಮಾಜಿನಿ 1700ರಲ್ಲಿ ಪ್ರಕಟಿಸಿದ, ಕಸುಬುದಾರರ ಕಾಯಿಲೆಗಳನ್ನು ಕುರಿತ ಗ್ರಂಥದಲ್ಲಿ, ವೈದ್ಯನು ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಿಗೆ ನಿನ್ನ ಕಸುಬೇನು ಎಂಬುದನ್ನೂ ಸೇರಿಸಬೇಕೆಂದು ಬೋಧಿಸಿದನು. ಬರೆಯುವ ಗುಮಾಸ್ತರ ಕೈನೋವಿಗೆ ಅವನು ಕೊಟ್ಟ ಕಾರಣಗಳು ಸದಾ ಕುಳಿತಿರುವುದು, ಕೈಯನ್ನು ಒಂದೇ ರೀತಿಯಲ್ಲಿ ಎಡೆಬಿಡದೆ ಆಡಿಸುವುದು ಮತ್ತು ತಪ್ಪಾಗಬಾರದೆಂಬ ಮನಸ್ಸಿನ ಒತ್ತಡ. ಕೀಲಿಮಣೆ ಒತ್ತುತ್ತ ಕೂರುವ ಇಂದಿನ ಬೆಂಗಳೂರಿನ ಉದ್ಯೋಗಿಯ ವಿಷಯದಲ್ಲೂ ಈ ಮೂರು ಕಾರಣಗಳಲ್ಲಿ ಒಂದನ್ನಾದರೂ ತೆಗೆದುಹಾಕುವಂತಿಲ್ಲ. ಅಮೆರಿಕದ ಇಂಡಿಯಾನದಲ್ಲಿ ಗಾಳಿಯಂತ್ರದ ಸುತ್ತಿಗೆಯಿಂದ ಸುಣ್ಣಕಲ್ಲು ಕೆತ್ತುವವರ ಬೆರಳುಗಳು ಚಳಿಗೆ ಬಿಳಿಚಿ ಸತ್ತಂತಾಗುವುದಕ್ಕೆ ಯಂತ್ರದ ಕಂಪನವೇ ಕಾರಣವೆಂದು ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ವರದಿ ಮಾಡಿದಳು. ಕಲ್ಲಿನ ಕ್ವಾರಿಯ ಕೊರೆಯುವ ಯಂತ್ರ, ಮರ ಕೊಯ್ಯುವ ಗರಗಸ, ಕಳೆ ಕತ್ತರಿಸುವ ಯಂತ್ರಗಳನ್ನು ದಿನವಿಡೀ ಹಿಡಿಯುವ ನಮ್ಮ ಕೂಲಿಗಳಿಗೂ ಇದೇ ಅಪಾಯವಿದೆ.

ಕರಾವಳಿಯ ಮನೆಗಳಲ್ಲಿ ಬೀಡಿ ಕಟ್ಟುವ ಹೆಣ್ಣುಮಗಳ ಕೈಯನ್ನು ಗಮನಿಸಬೇಕು. ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ಹರಡಿ, ಎರಡು ಕೈಗಳ ಬೆರಳ ತುದಿಗಳಿಂದ ಸುರುಳಿ ಸುತ್ತಿ, ಬಾಯಿ ಮಡಿಚಿ, ನೂಲು ಕಟ್ಟುವ ಈ ಕೆಲಸದಲ್ಲಿ ಪ್ರತಿಯೊಂದು ಚಲನೆಯೂ ಹೆಬ್ಬೆರಳು ಮತ್ತು ತೋರುಬೆರಳುಗಳ ಚಿಮುಟುವಿಕೆಯೇ ಆಗಿದ್ದು, ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಸಿಗುತ್ತದೆ. ಮಲೆನಾಡಿನಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುವವರಿಗೂ, ಮಣೆಯ ಮೇಲೆ ಊದುಬತ್ತಿ ಹೊಸೆಯುವವರಿಗೂ ಕೂಲಿಯ ಲೆಕ್ಕ ಇದೇ ಬಗೆಯದು. ಇಂಥವರಿಗೆ ವಿಶ್ರಾಂತಿ ತೆಗೆದುಕೊಳ್ಳಿ ಎಂದು ವೈದ್ಯರು ಹೇಳಿದರೆ ಅದು ಆ ದಿನದ ಗಂಜಿಯನ್ನು ಬಿಡಿ ಎಂದಂತೆಯೇ ಸರಿ. ಆದುದರಿಂದ ಇಲ್ಲಿ ಉಪಶಮನವೆಂದರೆ ಕೆಲಸವನ್ನು ನಿಲ್ಲಿಸುವುದಲ್ಲ, ಅದನ್ನು ಬದಲಿಸುವುದು: ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಬೆರಳುಗಳನ್ನು ಪೂರ್ತಿ ಚಾಚಿ, ಮುಷ್ಟಿ ಕಟ್ಟಿ, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವುದು, ಎಲೆ ಕತ್ತರಿಸುವುದನ್ನೂ ಸುತ್ತುವುದನ್ನೂ ಒಂದೇ ಪಟ್ಟಿಗೆ ಮುಗಿಸದೆ ಸರದಿಯಂತೆ ಮಾಡುವುದು, ಕತ್ತರಿಯ ಹಿಡಿಗೂ ಕತ್ತಿಯ ಹಿಡಿಗೂ ಬಟ್ಟೆ ಅಥವಾ ರಬ್ಬರಿನ ಕೊಳವೆ ಸುತ್ತಿ ದಪ್ಪ ಮಾಡುವುದು, ಏಕೆಂದರೆ ಅಂಗೈಗೆ ಒಗ್ಗುವ ಮಿತಿಯೊಳಗೆ ಹಿಡಿ ದಪ್ಪವಾದಷ್ಟೂ ಅದನ್ನು ಬಿಗಿಹಿಡಿಯಲು ಬೆರಳುಗಳು ಪಡಬೇಕಾದ ಶ್ರಮ ಕಡಿಮೆ. ಮನೆಯಲ್ಲಿ ಬಟ್ಟೆ ಹಿಂಡುವ, ಕಾಯಿ ತುರಿಯುವ ಕೆಲಸಗಳನ್ನು ಗಂಡಸರೂ ಮಕ್ಕಳೂ ಹಂಚಿಕೊಂಡರೆ ದುಡಿದು ದಣಿದ ಆ ಬೆರಳುಗಳಿಗೆ ಸಂಜೆಯಾದರೂ ಬಿಡುವು ಸಿಗುತ್ತದೆ. ಇದು ಯಾವ ಮಾತ್ರೆಗೂ ಕಡಿಮೆಯಲ್ಲದ ಚಿಕಿತ್ಸೆ.

ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಹೊರರೋಗಿ ಚೀಟಿಯ ಮೇಲೆ ವಯಸ್ಸಿನ ಪಕ್ಕದಲ್ಲೇ ರೋಗಿಯ ಕೆಲಸವನ್ನೂ ಬರೆಯುವ ರೂಢಿ ಬೆಳೆಸಿಕೊಳ್ಳಬೇಕು, ಮತ್ತು ಗೃಹಿಣಿ ಎಂದು ಬರೆದು ಮುಗಿಸದೆ ಆ ಗೃಹಿಣಿ ಮನೆಯಲ್ಲಿ ಕುಳಿತು ಏನು ಕಟ್ಟುತ್ತಾಳೆ, ಏನು ಸುಲಿಯುತ್ತಾಳೆ, ಏನು ಹೊಸೆಯುತ್ತಾಳೆ ಎಂದು ಕೇಳಬೇಕು. ಬಿಡಿಲೆಕ್ಕದ ಕೂಲಿ ಕೊಡುವವರು ದರವನ್ನು ನಿಗದಿ ಮಾಡುವಾಗ ಕೈಗೆ ಬೇಕಾದ ಬಿಡುವಿನ ಹೊತ್ತನ್ನೂ ಅದರಲ್ಲಿ ಸೇರಿಸಬೇಕು. ರಾತ್ರಿ ಕೈ ಜೋಮು ಹಿಡಿದು ನಿದ್ದೆಗೆಡುವವರು, ಬೆಳಿಗ್ಗೆ ಗಂಟೆಯಾದರೂ ಮುಷ್ಟಿ ಕಟ್ಟಲಾರದವರು ಮನೆಯಲ್ಲಿದ್ದರೆ, ಸುಗ್ಗಿ ಮುಗಿಯಲಿ, ಮದುವೆ ಕಳೆಯಲಿ ಎಂದು ಮುಂದೂಡದೆ ಅವರನ್ನು ಇದೇ ವಾರ ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಎಲ್ಲ ಓದುಗರಲ್ಲಿ ವಿನಂತಿ.